ಗೌಡರ ಜೊತೆ ಹುಟ್ಟಿದವರು

ಕುಪ್ಪಸದ ಹೊಸ ಖಣದ ಗಂಜಿ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನರೋಣಾದ ಆ ಮಧ್ಯಾಹ್ನ ಎದುರಿಗೆ ಬಂದು ಕೂರುತ್ತದೆ.

ಊರ ಗೌಡರಿಗೆ ಅರವತ್ತು ತುಂಬಿತ್ತು. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ಅವರ ಕಿವಿ ಮುಚ್ಚುವಷ್ಟು ಚೆಂಡುಹೂವಿನ ಹಾರ ಹೇರಿದ್ದರು. ಗೌಡರ ಮನೆಯ ಹೋಳಿಗೆ ಉಂಡು ಬಂದಿದ್ದ ನಮ್ಮ ಹೆಡ್‌ಮಾಸ್ತರರು, ಗೌಡರು ಹುಟ್ಟಿದ ವರ್ಷದಲ್ಲೇ ಹುಟ್ಟಿದ ದೊಡ್ಡವರ ಹೆಸರುಗಳನ್ನು ಹೇಳತೊಡಗಿದರು. ಒಬ್ಬ ಮಂತ್ರಿ, ಒಬ್ಬ ಮಠಾಧೀಶರು, ಒಬ್ಬ ಪೈಲ್ವಾನ.

"ಆ ವರ್ಷದ ಗಾಳಿನೇ ಹಂತಾದ್ದು ನೋಡ್ರಿ! ಬರೇ ರತ್ನಗಳೇ ಹುಟ್ಯಾವು!"

ವೇದಿಕೆಯ ಮೇಲಿದ್ದ ರತ್ನ ಶಲ್ಯದ ತುದಿಯಿಂದ ಮೂಗು ಒರೆಸಿಕೊಂಡಿತು.

ನನ್ನ ಪಕ್ಕ ನೆಲದ ಮೇಲೆ ಕೂತಿದ್ದ ಆಯಿ, ಅಂದರೆ ನನ್ನ ಅವ್ವನ ಅವ್ವ, ಎಲೆ-ಅಡಿಕೆ ಉಗಿದಳು. "ಅದೇ ವರ್ಸ ನಾನೂ ಹುಟ್ಟೀನಿ. ಇವನವ್ವಗ ಹಾಲು ಬರಲಿಲ್ಲಂತ ನಮ್ಮವ್ವನ್ನ ಇವರ ವಾಡೇಕ ಕರಸಿದ್ರು. ಇವ ಕುಡದು ಬಿಟ್ಟಿದ್ದು ನನಗ. ಒಂದು ನಾಗರಪಂಚಮಿಗರೆ ತಂಗಿ ಅಂತ ಮನೀಗೆ ಕರದಾನೇನು?"

ಕೊನೆಗೆ ಬಡ ಹೆಣ್ಣುಮಕ್ಕಳಿಗೆ ಖಣ ಹಂಚಿದರು. ಆಯಿಯ ಸರದಿ ಬಂದಾಗ ಗೌಡರು ಫೋಟೋದವನ ಕಡೆಗೇ ನೋಡುತ್ತ, "ತಗೋ ಬೇ, ಲಗೂನ ಆಕಡೆ ಸರಿ" ಎಂದರು.

ಆಯಿ ಎರಡೂ ಕೈ ಒಡ್ಡಿ ತೆಗೆದುಕೊಂಡಳು. "ನೂರು ವರ್ಸ ಬಾಳ್ರಿ" ಎಂದಳು.

ಸಂಜೆ ಹಾಲು ಹಿಂಡುವ ಹೊತ್ತಿಗೆ ಆ ಖಣವನ್ನು ನೀರಿಗೆ ಅದ್ದಿ, ಎಮ್ಮೆಯ ಕೆಚ್ಚಲು ಒರೆಸತೊಡಗಿದಳು.

"ಆಯೀ, ಅದು ಹೊಸಾದು!" ಎಂದು ನಾನು ಕೂಗಿದೆ.

"ಹಾಲು ಕುಡದಾವ ಕೊಟ್ಟಾನ" ಎಂದಳು. "ಹಾಲು ಕೊಡೂದಕ್ಕ ಹೋಗ್ಲಿ."