ಖಾಕಿ ಕಳಚಿದ ಮೇಲೆ

ತನ್ನ ತಮ್ಮ ಚಾಕು ಹಿಡಿದು ಅಡುಗೆಮನೆಗೆ ಹೋಗಿ ಚಿಲಕ ಹಾಕಿಕೊಂಡಿದ್ದಾನೆ, ಪೊಲೀಸರನ್ನು ಕಂಡರೆ ಏನು ಮಾಡಿಕೊಳ್ಳುತ್ತಾನೋ ಎಂದು ಅಕ್ಕ ಫೋನಿನಲ್ಲಿ ಅತ್ತಿದ್ದಳು. ಅದಕ್ಕೇ ಹೆಡ್ ಕಾನ್‌ಸ್ಟೇಬಲ್ ಜೊತೆಗೆ ಮನೋವೈದ್ಯೆಯೂ ಬಂದರು.

"ಖಾಕಿ ಕಂಡ್ರೆ ಗಾಬರಿಯಾಗ್ತಾನೆ, ಬದಲಾಯಿಸಿ. ಮಾತು ನನಗೆ ಬಿಡಿ," ಎಂದರು ವೈದ್ಯೆ.

ಹೆಡ್ ಕಾನ್‌ಸ್ಟೇಬಲ್ ಪಕ್ಕದ ಮನೆಯವರ ಲುಂಗಿ ಉಟ್ಟು, ಅಂಗಿ ತೊಟ್ಟು ಬಂದರು.

"ಡಾಕ್ಟರ್ ಬಂದಾರಪಾ," ಎಂದು ಅಕ್ಕ ಕೂಗಿದಳು.

ವೈದ್ಯೆ ಅಡುಗೆಮನೆಯ ಕಿಟಕಿಯ ಬಳಿ ನಿಂತು, ತಮ್ಮ ಕಚೇರಿಯ ನಮೂನೆ ತೆರೆದು ಪೆನ್ನು ತೆಗೆದರು.

"ಹೆಸರು?"

"ಗುರುಬಸು."

"ತಂದೆ ಹೆಸರು? ವಯಸ್ಸು? ಹಿಂದೆ ಯಾವಾಗಾದ್ರೂ ಹೀಗೆ ಮಾಡಿದ್ರಾ? ನಿಜ ಹೇಳಿ."

ಒಳಗಿದ್ದವನು ಚಾಕುವನ್ನು ಇನ್ನೂ ಬಿಗಿಯಾಗಿ ಹಿಡಿದ.

ಹೆಡ್ ಕಾನ್‌ಸ್ಟೇಬಲ್‌ಗೆ ಸುಮ್ಮನಿರಲಾಗಲಿಲ್ಲ. ಕಿಟಕಿಗೆ ಮುಖವಿಟ್ಟು ಕೇಳಿದರು: "ತಮ್ಮಾ, ಮುಂಜಾನಿಂದ ಏನರ ತಿಂದೀಯೋ ಇಲ್ಲೋ?"

ಅವನು ಅವರನ್ನೇ ನೋಡುತ್ತ ನಿಂತ. ಆಮೇಲೆ ಚಾಕುವನ್ನು ಕಟ್ಟೆಯ ಮೇಲಿಟ್ಟು ಚಿಲಕ ತೆಗೆದ.

"ಡಾಕ್ಟರ್, ನೀವೊಬ್ರ ಒಳಗ ಬರ್ರಿ," ಎಂದ. "ಆ ಪೊಲೀಸ್ ಮೇಡಮ್ ಹೊರಗ ಇರ್ಲಿ."