ಜಯದೇವಿಯ ಹಾಜರಿ

"ಕೈ ತೆಗೀರಿ ಅಂದೆ! ನನ್ನ ಹೆಸರಲ್ಲಿ ಅಲ್ಲೇನ್ರೀ ಕುಟ್ತಾ ಇದೀರಾ?"

ಮೊಬೈಲ್ ಹಿಡಿದುಕೊಂಡೇ ಕೋಣೆಯಿಂದ ಹೊರಬಂದ ಜಯದೇವಿ, ಗಂಡನ ಎದುರಿಗಿದ್ದ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವಳ ನರ್ಸರಿ ಟೀಚರ್ ಟ್ರೈನಿಂಗಿನ ಕೊನೆಯ ಆನ್‌ಲೈನ್ ಕ್ಲಾಸು ಅದರಲ್ಲಿ ನಡೆಯುತ್ತಿತ್ತು. ಈಗಷ್ಟೇ ಅದೇ ಕ್ಲಾಸು ಅವಳ ಮೊಬೈಲಿನಿಂದ ಮಾಯವಾಗಿತ್ತು.

"ಕೂಗಾಡ್ಬೇಡ್ವೇ, ಪಕ್ಕದ್ಮನೆಯವ್ರಿಗೆ ಕೇಳುತ್ತೆ," ಎಂದ ಶಶಿಕಾಂತ. "ಕ್ಲಾಸಲ್ಲಿ ನಾಲ್ಕು ಮಾತು ಬರೀದೆ ಇದ್ರೆ ಮಾರ್ಕ್ಸ್ ಕೊಡಲ್ಲ ಅಂತ ಅವ್ರೇ ಹೇಳಿದಾರೆ. ನೀನೋ, ಒಂದು ಸಾಲೂ ಬರೆಯೋಳಲ್ಲ. ಅದಕ್ಕೇ ದಿನಾ ಅಂಗಡಿ ಕಂಪ್ಯೂಟರಿಂದ ನಿನ್ನ ಹೆಸರಲ್ಲಿ ಒಳಗೆ ಹೋಗಿ ಎರಡು ಸಾಲು ಹಾಕ್ತಿದ್ದೆ. ಇವತ್ತು ಅಂಗಡಿ ರಜಾ, ಮನೇಲೇ ಹಾಕ್ದೆ. ಏನೀಗ?"

"ದಿನಾನಾ?"

ಜಯದೇವಿಯ ದನಿ ಇಳಿಯಿತು. ಒಬ್ಬರ ಹೆಸರಲ್ಲಿ ಆ ಕ್ಲಾಸು ಒಂದೇ ಕಡೆ ತೆರೆಯುತ್ತದೆ. ಇನ್ನೊಂದು ಕಡೆ ತೆರೆದರೆ ಮೊದಲಿನದು ಮುಚ್ಚಿಕೊಳ್ಳುತ್ತದೆ. ಪಾಠ ಕಡಿದುಹೋದಾಗಲೆಲ್ಲ ಅವಳು ನೆಟ್‌ವರ್ಕನ್ನು ಬೈದುಕೊಂಡಿದ್ದಳು. ಒಲೆ ಆರಿಸಿ ಟೆರೇಸಿಗೆ ಓಡಿದ್ದಳು. ಸಿಮ್ ಬದಲಾಯಿಸಿದ್ದಳು. ಅಲ್ಲಾದರೂ ಸಿಗ್ನಲ್ ಸಿಗಲಿ ಎಂದು ಬನಶಂಕರಿ ಬಸ್ ಸ್ಟ್ಯಾಂಡಿಗೆ ಹೋಗಿ, ಜನರ ಗದ್ದಲದ ನಡುವೆ ಕೂತು ಕೇಳಿಯೂ ನೋಡಿದ್ದಳು.

"ಒಳಗೆ ಹೋಗುವಾಗ ಅದು ನಿಮ್ಮನ್ನ ಏನೂ ಕೇಳ್ತಿರ್ಲಿಲ್ವಾ?"

"ಬೇರೆ ಕಡೆ ತೆಗೆದಿದೆ, ಮುಚ್ಚಲಾ ಅಂತ ಕೇಳ್ತಿತ್ತು. ಹೂಂ ಅಂತ ಒತ್ತುತಿದ್ದೆ. ಆ ಹೊತ್ತಲ್ಲಿ ನೀನು ಅಡುಗೆಮನೇಲಿ ಇರ್ತೀಯ. ಫೋನು ಅದರಷ್ಟಕ್ಕೆ ಒದರ್ತಾ ಬಿದ್ದಿರುತ್ತೆ ಅಂದ್ಕೊಂಡೆ."

ಹಿಂದಿನ ಪಾಠಗಳ ಕೆಳಗೆ ತನ್ನ ಹೆಸರಲ್ಲಿ ಏನೇನಿದೆ ಎಂದು ಅವಳು ತೆಗೆದು ನೋಡಿದಳು. ಮೈಮೇಲೆ ಬಾಸುಂಡೆ ಹೊತ್ತು ಶಾಲೆಗೆ ಬರುವ ಮಗುವನ್ನು ಹೇಗೆ ಮಾತಾಡಿಸಬೇಕು ಎಂಬ ಪಾಠ. ಅವಳಿಗೆ ಅರ್ಧಕ್ಕೇ ನಿಂತುಹೋದದ್ದು. ಅದರ ಕೆಳಗೆ ಜಯದೇವಿ ಬರೆದಿದ್ದಳು: "ಸಖತ್ ಕ್ಲಾಸ್ ಮೇಡಂ, ಸೂಪರ್!" ಬ್ಯಾಚಿನವರು ಸಾಲಾಗಿ ಹೃದಯದ ಚಿತ್ರ ಒತ್ತಿದ್ದರು.

"ಏಟು ತಿಂದಿರೋ ಮಗು ವಿಷ್ಯಕ್ಕೆ ಸಖತ್ ಅಂತ ಬರೆದ್ರಾ?"

"ಅದನ್ನೆಲ್ಲ ಯಾರು ಓದ್ತಾರೆ? ಎಣಿಸ್ತಾರೆ ಅಷ್ಟೆ."

"ನಾಳೆ ಆ ಮಗು ಎದುರಿಗೆ ನಿಲ್ಲೋಳು ನಾನು ಕಣ್ರೀ. ನಂಗೇನೂ ಗೊತ್ತಿಲ್ಲ!"

ಅಷ್ಟರಲ್ಲಿ ಲ್ಯಾಪ್‌ಟಾಪಿನಿಂದ, ಕ್ಲಾಸು ತೆಗೆದುಕೊಳ್ಳುತ್ತಿದ್ದ ಸಂಘಮಿತ್ರಾ ಮೇಡಂ ಮಾತು ಕೇಳಿಸಿತು. "ಭಾಗವಹಿಸೋದ್ರಲ್ಲಿ ನಮ್ಮ ಜಯದೇವಿಯವರೇ ಫಸ್ಟ್. ಕೋಣನಕುಂಟೆ ಶಾಲೆಯ ಕೆಲಸಕ್ಕೆ ಅವರ ಹೆಸರನ್ನೇ ಕಳಿಸ್ತಿದೀನಿ. ಜಯದೇವಿ, ಈ ಕೋರ್ಸಲ್ಲಿ ಏನು ಕಲಿತ್ರಿ, ಎಲ್ರಿಗೂ ಎರಡು ಮಾತು ಹೇಳಿ."

ಜಯದೇವಿ ಮೈಕ್ ಆನ್ ಮಾಡಲು ಬೆರಳು ಚಾಚಿದಳು. ಶಶಿಕಾಂತ ಅವಳ ಮುಂಗೈ ಹಿಡಿದ.

"ಏನ್ ಹೇಳ್ತೀಯ?"

"ಇದ್ದಿದ್ದನ್ನೇ. ಬರೆದೋಳು ನಾನಲ್ಲ, ಅರ್ಧ ಪಾಠ ನಾನು ಕೇಳೇ ಇಲ್ಲ, ಇನ್ನೊಂದ್ಸಲ ಸೇರಿಸ್ಕೊಳ್ಳಿ ಅಂತ."

"ತಲೆ ಕೆಟ್ಟಿದ್ಯಾ? ಮನೆ ಬಾಗಿಲಿಗೆ ಬಂದಿರೋ ಕೆಲ್ಸಾನ ಒದೀತೀಯಾ? ನನ್ನ ಮರ್ಯಾದೆ ಏನಾಗ್ಬೇಕು? ಬಾಯ್ಮುಚ್ಕೊಂಡು ಥ್ಯಾಂಕ್ಸ್ ಹೇಳು, ಸಾಕು."

"ಬಾಯಿ ಮುಚ್ಕೊಂಡು ಹೇಳೋದು ನಂಗೆ ಬರಲ್ಲ. ಅದನ್ನೂ ನೀವೇ ಹೇಳ್ಬಿಡಿ."

ಅವಳು ಕೈ ಕೊಸರಿಕೊಂಡಳು. ಮೊಬೈಲನ್ನು ಅವನ ತೊಡೆಯ ಮೇಲೆ ಎಸೆದು, ಚಪ್ಪಲಿ ಮೆಟ್ಟಿ ಹೊರಟೇಹೋದಳು. ಕೆಳಗೆ ಗೇಟು ದಡಾರನೆ ಬಡಿಯಿತು. ಕೋಪ ಇಳಿದ ಮೇಲೆ ವಾಪಸ್ ಬರುತ್ತಾಳೆ ಎಂದುಕೊಂಡು ಶಶಿಕಾಂತ ಬಾಗಿಲನ್ನೇ ನೋಡಿದ. ಬರಲಿಲ್ಲ.

"ಜಯದೇವಿ, ಇದ್ದೀರಾ?" ಮೇಡಂ ಮತ್ತೆ ಕರೆದರು.

ಅವನು ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡು ಟೈಪ್ ಮಾಡಿದ: "ಇದ್ದೀನಿ ಮೇಡಂ."