ಏಳು ಕೆಜಿ ಮೀರಿದ ಚಿಂತೆ

ಹುಬ್ಬಳ್ಳಿ ವಿಮಾನ ನಿಲ್ದಾಣದ ತಕ್ಕಡಿಯ ಮೇಲೆ ನೀಲವ್ವ ಚೀಲವಿಟ್ಟು, ತಾನೂ ಹತ್ತಿ ನಿಂತಳು. ಚೀಲದ ತೂಕ ಸರಿ ಇತ್ತು. ಚಿಂತೆಯದೇ ಮಿತಿ ದಾಟಿತ್ತು.

"ಅಮ್ಮಾರ, ಏಳು ಕೆಜಿ ಮ್ಯಾಲೆ ಚಿಂತಿ ಒಯ್ಯಂಗಿಲ್ರಿ. ಹೆಚ್ಚಿಂದು ಇಲ್ಲೇ ಬಿಡ್ರಿ," ಎಂದಳು ಕೌಂಟರಿನ ಹುಡುಗಿ.

"ದಿಲ್ಲ್ಯಾಗ ಮಗಳದು ಚೊಚ್ಚಲ ಹೆರಿಗಿ, ಕೂಸು ಅಡ್ಡ ಮಲಗೇತಿ. ಹ್ಯಾಂಗ ಬಿಡ್ಲವಾ?"

ಚಿಂತೆ ಬಿಟ್ಟು ಹೋದವರ ಪಾಡು ನೀಲವ್ವನಿಗೆ ಗೊತ್ತಿತ್ತು. ತಮ್ಮನ ಆಪರೇಷನ್ನಿಗೆಂದು ಹೋದ ಓಣಿಯ ಗಂಗವ್ವ, ಆಸ್ಪತ್ರೆಯ ಕಡೆ ತಲೆ ಹಾಕದೆ ಕೆಂಪುಕೋಟೆ ನೋಡಿ ಬಂದಿದ್ದಳು.

ಪಕ್ಕದ ತಕ್ಕಡಿಯ ಮೇಲಿದ್ದ, ಅದೇ ವಿಮಾನದ ಪ್ರಯಾಣಿಕ ಗುರುಪಾದ ಆಗಿನಿಂದಲೂ ಬೈಯುತ್ತಿದ್ದ. "ವಿಮಾನ ಹೊತ್ತಿಗಿ ಬರೂದಿಲ್ಲ, ಕುಡಿಯಾಕ ನೀರು ಕೊಡೂದಿಲ್ಲ. ತೂಕ ಮಾತ್ರ ಬರೋಬ್ಬರಿ ನೋಡ್ರಿ!" ಸಿಟ್ಟನ್ನು ಅಲ್ಲಿ ಯಾರೂ ತೂಗುವುದಿಲ್ಲ. ಅವನ ಚಿಂತೆ ಅರ್ಧ ಕೆಜಿಯೂ ಇರಲಿಲ್ಲ.

ಉಪ್ಪಿನಕಾಯಿ ಡಬ್ಬಿ ಒಯ್ಯಲು ಕೇಳುವಂತೆ ನೀಲವ್ವ ಕೇಳಿದಳು: "ತಮ್ಮಾ, ನಿಂದು ಹಗರೈತಿ. ನಂದೊಂದೀಟು ಹೊರ್ತೀಯೇನು? ಇಳಿದ ಕೂಡ್ಲೆ ಇಸ್ಕೋತೀನಿ."

"ತರ್ರಿ ಅಕ್ಕಾರ, ಅದೇನು ಮಹಾ," ಎಂದು ಅವನು ಅಂಗೈ ಚಾಚಿದ. ಅವಳು ಅದರ ಮೇಲೆ ಕೈಯಿಟ್ಟಳು. ಮುಳ್ಳು ಏಳಕ್ಕೆ ಇಳಿಯಿತು. ಗುರುಪಾದನ ಬೈಗುಳ ಅಲ್ಲಿಗೇ ನಿಂತಿತು.

ಎಷ್ಟೋ ದಿನಗಳ ಮೇಲೆ, ವಿಮಾನದಲ್ಲಿ ನೀಲವ್ವನಿಗೆ ನಿದ್ದೆ ಹತ್ತಿತು. ದಿಲ್ಲಿಯಲ್ಲಿ ಹೊರಗೆ ಬಂದು ನೋಡಿದರೆ, ಗುರುಪಾದ ಅವಳ ಚೀಲ ಹೊತ್ತು, ಟ್ಯಾಕ್ಸಿ ನಿಲ್ಲಿಸಿಕೊಂಡು ಕಾಯುತ್ತಿದ್ದ.

"ನಂದು ಕೊಡಪಾ," ಎಂದು ಅವಳು ಕೈ ಚಾಚಿದಳು.

"ಆಮ್ಯಾಲೆ ಕೊಡ್ತೀನಿ, ಮೊದಲ ಹತ್ರಿ. ಯಾವ ದವಾಖಾನಿ?" ಎಂದು ಅವನು ಟ್ಯಾಕ್ಸಿಯ ಬಾಗಿಲು ತೆಗೆದ. "ಕೂಸು ಅತ್ತದ್ದು ಕೇಳದ ನಾ ಎಲ್ಲಿಗೂ ಹೋಗಂಗಿಲ್ಲ."